ತಾತ ಹುಬ್ಬೇರಿಸಿದ ಕಥೆ

ಬಾಸ್ಟನ್ ಸುತ್ತಮುತ್ತ ಊರಿನ ಹೆಸರಿನ ಜೊತೆ 'ಹೌಸ್ ಆಫ್ ಪಿಜ್ಜಾ' ಅಂತ ಬೋರ್ಡ್ ಕಂಡರೆ, ಒಳಗಿರುವುದು ಹೆಚ್ಚಾಗಿ ಗ್ರೀಕರ ಸಂಸಾರವೇ. ನಮ್ಮ ಬೀದಿಯ ಕೊನೆಯಲ್ಲೂ ಒಂದಿದೆ. ಗಲ್ಲಾದಲ್ಲಿ ತಾತ, ಒಲೆ ಮುಂದೆ ಮಗ, ಬಡಿಸಲು ಸೊಸೆ. ಇವರು ಪಿಜ್ಜಾವನ್ನು ಎಣ್ಣೆ ಸವರಿದ ತಟ್ಟೆಯಲ್ಲೇ ಬೇಯಿಸುತ್ತಾರೆ. ತಳ ಅರ್ಧ ಕರಿದಂತೆ ಗರಿಗರಿ, ಮೇಲೆ ಮೆತ್ತಗೆ. ದಾವಣಗೆರೆ ಬೆಣ್ಣೆ ದೋಸೆಯ ದೂರದ ನೆಂಟ ಅಂದುಕೊಳ್ಳಿ. ಹಾಸನದಿಂದ ಬಂದಿದ್ದ ಅಮ್ಮನನ್ನು ಹೀಗೇ ಆಸೆ ಹುಟ್ಟಿಸಿ ಕರೆದುಕೊಂಡು ಹೋದೆ.

"ಅನಾನಸ್ ಇರೋದು ಹೇಳೋ, ಹಣ್ಣಾದ್ರೆ ಭಯ ಇಲ್ಲ" ಅಂದಳು ಅಮ್ಮ.

ಭಯ ಇರುವುದೇ ಅಲ್ಲಿ! ಹೆಸರಿಗೆ ಹವಾಯಿಯನ್. ಶುರು ಮಾಡಿದ್ದು 1962ರಲ್ಲಿ ಕೆನಡಾದಲ್ಲಿ ಹೋಟೆಲ್ ಇಟ್ಟಿದ್ದ ಸ್ಯಾಮ್ ಪನೋಪುಲೋಸ್ ಎಂಬ ಗ್ರೀಕ್ ಮನುಷ್ಯ. ಅನಾನಸ್ ಜೊತೆಗೆ ಹಂದಿಮಾಂಸವೂ ಇರುತ್ತದೆ. ಅದನ್ನು ಬಿಟ್ಟು ಮಾಡಿ ಅಂತ ಹೇಳಿದೆ. ಆದರೂ ಪಿಜ್ಜಾ ಬಂದಾಗ ಅಮ್ಮನಿಗೆ ಅನುಮಾನ. ಸೀದಾ ಗಲ್ಲಾಕ್ಕೆ ಹೋಗಿ "ಮೀಟ್?" ಅಂತ ಕೇಳಿದಳು.

ತಾತ ಫೋನಿನಲ್ಲಿದ್ದರು. ಗದ್ದ ಮೇಲೆತ್ತಿ, ಹುಬ್ಬೇರಿಸಿ, ಸುಮ್ಮನಾದರು. ನಮ್ಮ ಕಡೆ ಹಾಗೆ ಮಾಡಿದರೆ 'ಏನು?' ಅಂತ ತಾನೇ? ಅಮ್ಮ ಸ್ವಲ್ಪ ಜೋರಾಗಿ "ಮೀಟ್!" ಅಂದಳು. ಮತ್ತೆ ಹುಬ್ಬು. ಪಾಪ, ಕಿವಿ ಮಂದ ಇರಬೇಕು ಅಂದುಕೊಂಡ ಅಮ್ಮ ಮೂರನೇ ಸಲ ಕೂಗಿದ್ದು ಬೀದಿಗೇ ಕೇಳಿಸಿತು. "ಮೀಟ್! ಮೀಟ್!"

ತಾತ ಫೋನ್ ಇಟ್ಟರು. "ಓಕೆ, ಓಕೆ" ಅಂದರು.

ಐದೇ ನಿಮಿಷ. ಸೊಸೆ ಒಂದು ತಟ್ಟೆ ತುಂಬ ಯೀರೊ, ಅಂದರೆ ಕಂಬಿಗೆ ಚುಚ್ಚಿ ತಿರುಗಿಸಿ ಸುಟ್ಟ ಮಾಂಸ, ತಂದಳು. (ಇಂಗ್ಲಿಷಿನಲ್ಲಿ gyro ಅಂತ ಬರೆದಿದ್ದರೂ ಗೈರೋ ಅಂತ ಓದಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ.) ಅಮ್ಮನಿಗಾಗಿ ತಾತನೇ ಕಳಿಸಿದ್ದಂತೆ, ದುಡ್ಡು ಬೇಡವಂತೆ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಗ್ರೀಕರಲ್ಲಿ ಗದ್ದ ಎತ್ತಿ ಹುಬ್ಬೇರಿಸಿದರೆ 'ಇಲ್ಲ' ಅಂತ. ಬಾಯಲ್ಲಿ 'ಹೌದು' ಅನ್ನಲು, ನಮ್ಮ ಕಿವಿಗೆ 'ನೋ' ಅಂದ ಹಾಗಿರುವ 'ನೆ' ಅನ್ನುತ್ತಾರಂತೆ. ಅದು ಇನ್ನೂ ಚೆಂದ, ಅಲ್ವಾ? ಪಾಪದ ತಾತ ಎರಡು ಸಲವೂ ಸರಿಯಾಗಿಯೇ ಉತ್ತರ ಕೊಟ್ಟಿದ್ದರು.

ಅಮ್ಮ ತಟ್ಟೆಯನ್ನು ಒಂದು ಬೆರಳಿನಿಂದ ಆಚೆ ತಳ್ಳಿದಳು. ಸೊಸೆ ನಗುತ್ತಾ ಅದನ್ನು ನನ್ನ ಮುಂದಿಟ್ಟಳು. "ಪರವಾಗಿಲ್ಲ, ಪ್ರತಿ ಶುಕ್ರವಾರ ನೀನು ತಿನ್ನೋದು ಇದೇ ಅಲ್ವಾ?" ಅಂತ ಇಂಗ್ಲಿಷಿನಲ್ಲಿ ಬೇರೆ. ಅಷ್ಟು ಇಂಗ್ಲಿಷ್ ಅಮ್ಮನಿಗೆ ಬರುತ್ತದೆ.

ಅಮ್ಮ ನನ್ನ ಕಡೆ ತಿರುಗಿ ಗದ್ದ ಮೇಲೆತ್ತಿದಳು. ಹುಬ್ಬೇರಿಸಿದಳು. ಅದು ಗ್ರೀಕ್ ಆಗಿರಲಿಲ್ಲ.