ಭಾವನ ಮಳೆ ಲೆಕ್ಕ

ಮಲೆನಾಡಿನ ಮನೆಗೆ ಕರೆಗಂಟೆ ಏಕೆಂದು ನನಗಿನ್ನೂ ತಿಳಿದಿಲ್ಲ. ದಣಪೆ ಸರಿದ ಸದ್ದಿಗೇ ನಾಯಿ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಆದರೂ ಶಿವಮೊಗ್ಗದಿಂದ ವೈರ್‌ಲೆಸ್ ಗಂಟೆಯೊಂದು ನಮ್ಮ ಜಗಲಿಗೆ ಬಂದು ಕೂತಿತ್ತು. ಹಾರ್ಡ್‌ವೇರ್ ಹ್ಯಾಕಿಂಗ್ ಕಲಿಯಲು ಹೊರಟ ಅಣ್ಣನ ಮಗ, ಆಷಾಢದ ರಜೆಯಲ್ಲಿ ಮೊದಲು ಬಿಚ್ಚಿದ್ದು ಅದನ್ನೇ.

ಒಳಗಿದ್ದುದು ಗಿಡ್ಡನೆಯ 12 ವೋಲ್ಟ್ ಬ್ಯಾಟರಿ, ಒಂದು ಚಿಪ್, ಅಷ್ಟೇ. ಗುಂಡಿ ಒತ್ತಿದರೆ 433.92 ಮೆಗಾಹರ್ಟ್ಸ್‌ನ ರೇಡಿಯೋ ಅಲೆ ಹೊತ್ತಿ ಆರುತ್ತದೆ: ಹೆಚ್ಚು ಹೊತ್ತು ಇದ್ದರೆ ಒಂದು, ಕಡಿಮೆಯಾದರೆ ಸೊನ್ನೆ. ಒಟ್ಟು 24 ಅಂಕಿ. ಟಿವಿ ಪ್ರಸಾರ ಹಿಡಿಯಲೆಂದು ಮಾಡಿದ್ದ ಯುಎಸ್‌ಬಿ ರಿಸೀವರ್ ಸಿಕ್ಕಿಸಿ ಹುಡುಗ ಅದನ್ನು ಓದಿದ. ಅಗ್ಗದ ಟ್ರಾನ್ಸ್‌ಮಿಟರ್‌ನಿಂದ ಹಾಗೆಯೇ ಮರಳಿ ಬಿಟ್ಟ. ಗಂಟೆ ಬಡಿಯಿತು. ಕಾರಿನ ರಿಮೋಟ್ ಕೀಲಿಯಾದರೆ ಸಾಮಾನ್ಯವಾಗಿ ಒತ್ತಿದಾಗಲೆಲ್ಲ ಸಂಕೇತ ಬದಲಿಸುತ್ತದೆ. ಇದಕ್ಕೆ ಅಂಥ ಬಿಗುಮಾನವೇನಿಲ್ಲ, ಕರೆದವರಿಗೆಲ್ಲ ಓಗೊಡುತ್ತದೆ. ಅಮ್ಮ ಪ್ರತಿ ಸಲವೂ ಕಷಾಯಕ್ಕೆ ನೀರಿಟ್ಟು ಹೊರಗೆ ಬಂದು, ಖಾಲಿ ಅಂಗಳ ನೋಡಿ, "ಪಾಪ, ಯಾರೋ ಕಾದು ಹೋದರು" ಎಂದು ಪೇಚಾಡಿದಳು.

ಅದೇ ಅಲೆಯಲ್ಲಿ ಇನ್ನೊಂದು ಯಂತ್ರವೂ ಮಾತಾಡುತ್ತಿತ್ತು. ಆರ್‌ಟಿಎಲ್_433 ಎಂಬ ಉಚಿತ ತಂತ್ರಾಂಶ ಅದನ್ನು ಬಿಡಿಸಿ ತೋರಿಸಿತು: ತೋಟದಾಚೆಯ ಭಾವನ ಮಳೆಮಾಪಕ! ಒಳಗಿನ ಪುಟ್ಟ ತೊಟ್ಟಿ ತುಂಬಿ ಮಗುಚಿದಷ್ಟು ಸಲವೂ ಲೆಕ್ಕ ಕೂಡಿಸಿ, ಬೀಗ ಮುದ್ರೆ ಏನೂ ಇಲ್ಲದೆ ಗಾಳಿಗೆ ಬಿಡುತ್ತಿತ್ತು.

ಅಡಿಕೆ ಬೆಳೆಗಾರನಿಗೆ ಮಳೆ ಲೆಕ್ಕವೆಂದರೆ ಜಾತಕ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನವೂ ಅದರಲ್ಲಿದೆ, ಮನೆತನದ ಗೌರವವೂ ಅದರಲ್ಲಿದೆ. ಭಾವ ಬೆಳಗಾದರೆ ಫೋನ್ ಮಾಡಿ, ಮಳೆಗೆ ಹೆಸರಾದ ಆಗುಂಬೆ, ಹುಲಿಕಲ್ಲುಗಳೂ ತಲೆತಗ್ಗಿಸುವಂಥ ಅಂಕಿ ಹೇಳುತ್ತಾನೆ. ಅಂದು ಫೋನೆತ್ತಿದ್ದು ಅಮ್ಮ.

"ನೂರೈವತ್ತು ಮಿಲಿಮೀಟರ್ ಎಲ್ಲಿಂದ ಬಂತೋ ಮಾರಾಯ? ಮಾಣಿಯ ಲ್ಯಾಪ್‌ಟಾಪಿನಲ್ಲಿ ನಿನ್ನದು ತೊಂಬತ್ತೆರಡೇ ಇದೆಯಲ್ಲ!"

ಆ ಕಡೆ ಉಸಿರಿಲ್ಲ. ಸ್ವಲ್ಪ ಹೊತ್ತಿಗೆಲ್ಲ ನಾಯಿ ಬೊಗಳಿತು. ಗಂಬೂಟು ಕಳಚುತ್ತಲೇ ಭಾವ ವಾದ ಶುರು ಮಾಡಿದ: ತೊಟ್ಟಿಗೆ ಇರುವೆ ಸೇರಿದೆ, ಮೇಲೆ ಹಲಸಿನ ಕೊಂಬೆ ಬಾಗಿದೆ, ಅಸಲಿಗೆ ಯಂತ್ರಕ್ಕೆ ಮಲೆನಾಡಿನ ಮಳೆಯೇ ಅರ್ಥವಾಗುವುದಿಲ್ಲ. ಕಷಾಯ ಬಂತು. ಎರಡು ಗುಟುಕು ಕುಡಿದವನು ಕುರ್ಚಿಯನ್ನು ಲ್ಯಾಪ್‌ಟಾಪಿನ ಬಳಿಗೆ ಎಳೆದುಕೊಂಡು ದನಿ ತಗ್ಗಿಸಿದ.

"ಮಾಣಿ, ಇದರಲ್ಲಿ ಹುಲಿಕಲ್ಲಿನದು ಸಿಗುತ್ತದೆಯೋ?"