ಟಿಕೆಟ್‌ಗೆ ಪೂರ್ತಿ ದುಡ್ಡು, ಪರದೆಗೆ ಅರ್ಧ ಬೆಳಕು

ಹಾಸನದ ಕೆಲವು ಟಾಕೀಸಿನಲ್ಲಿ ಮಟಮಟ ಮಧ್ಯಾಹ್ನದ ಸೀನೂ ಮುಸ್ಸಂಜೆ ಥರ ಕಾಣುತ್ತೆ. ಬೈಸಿಕೊಳ್ಳೋರು ಮಾತ್ರ ಪಾಪ, ಕ್ಯಾಮೆರಾಮನ್! ಪೂರ್ತಿ ಬಿಳಿ ಚಿತ್ರ ಬಿಟ್ಟಾಗ ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕು ಇರಬೇಕು ಅನ್ನೋದು ಡಿಜಿಟಲ್ ಸಿನಿಮಾದ ಮಾನದಂಡ. ಪ್ರೊಜೆಕ್ಟರ್ ಒಳಗಿನ ದೀಪ, ಅಂದ್ರೆ ಕ್ಸೆನಾನ್ ಲ್ಯಾಂಪ್, ಓಡಿದಷ್ಟೂ ಮಂಕಾಗುತ್ತೆ. ಹೊಸದು ದುಬಾರಿ, ಹಾಗಾಗಿ ಅದರ ಆಯಸ್ಸಿನ ಗಂಟೆ ಮುಗಿದರೂ ಎಳೀತಾರೆ. ಸರಿ, ಒಪ್ಪೋಣ. ಪ್ರೊಜೆಕ್ಟರ್ ಕಿಂಡಿಯ ಗಾಜಿನ ಧೂಳು ಒರೆಸೋಕೆ ಎಷ್ಟು ಖರ್ಚು ಸ್ವಾಮಿ?

ಇದಕ್ಕಿಂತ ಕೆಟ್ಟದ್ದು, ತ್ರೀಡಿ ಸಿನಿಮಾ ಎತ್ತಿದ ಮೇಲೂ ಲೆನ್ಸ್ ಮುಂದಿನ ಪೋಲರೈಸರ್ (ತ್ರೀಡಿಗೆ ಹಾಕೋ ಫಿಲ್ಟರ್) ಸರಿಸದೆ ಮಾಮೂಲಿ ಸಿನಿಮಾ ಓಡಿಸೋದು. ಅರ್ಧಕ್ಕೂ ಹೆಚ್ಚು ಬೆಳಕು ಅಲ್ಲೇ ಹೋಯ್ತು. ಹಿಂದೆ ತಿರುಗಿ ನೋಡಿ: ಕಿಂಡಿಯಿಂದ ಒಂದರ ಮೇಲೊಂದು ಎರಡು ಬೆಳಕಿನ ಕೋಲು ಬರ್ತಿದ್ರೆ ಅನುಮಾನ ಪಡಬಹುದು.

ಸೌಂಡಿನದು ಇನ್ನೊಂದು ಗೋಳು. ಸೌಂಡ್ ಪ್ರೊಸೆಸರ್‌ನ ವಾಲ್ಯೂಮ್ 7 ಅಂದ್ರೆ ಮಿಕ್ಸಿಂಗ್ ಮಾಡಿದವರು ಕೇಳಿದ ಮಟ್ಟ. ಯಾರೋ ಜೋರಾಯ್ತು ಅಂದ್ರು ಅಂತ 4ಕ್ಕೆ ಇಳಿಸಿ ಅಲ್ಲೇ ಮರೆತುಬಿಡ್ತಾರೆ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಹೊಡೀತಿದ್ರೆ ಪಿಸುಮಾತು ದೇವರಿಗೇ ಗತಿ. ಹಾಡು ಚೆನ್ನಾಗಿದ್ದು, ಮಾತಿನಲ್ಲಿ ಮಾತ್ರ ಸ, ಶ ಮೊಂಡಾಗಿದ್ರೆ ಪರದೆ ಹಿಂದಿನ ನಡುವಿನ ಸ್ಪೀಕರ್‌ನ ಹಾರ್ನ್ (ಕೀಚಲು ಸದ್ದು ಹೊರಡಿಸೋ ಭಾಗ) ಕೆಟ್ಟಿರೋ ಸಾಧ್ಯತೆ ಹೆಚ್ಚು. ಡೈಲಾಗ್ ಬಹುಪಾಲು ಬರೋದು ಅಲ್ಲಿಂದಲೇ.

ಇಂಟರ್ವಲ್‌ವರೆಗೆ ಕಾಯಬೇಡಿ, ಮೊದಲ ಹತ್ತು ನಿಮಿಷದಲ್ಲೇ ಎದ್ದು ಹೋಗಿ ಹೇಳಿ. ಟಿಕೆಟ್ ಹರಿಯೋ ಹುಡುಗನ ಹತ್ರ ಅಲ್ಲ, ಮ್ಯಾನೇಜರ್ ಹತ್ರ. 'ಪಿಕ್ಚರ್ರೇ ಹಂಗೆ ಬಂದಿದೆ ಸಾರ್' ಅಂದ್ರೆ, 'ಪೋಲರೈಸರ್ ತೆಗೆದಿದೀರಾ?' ಅಂತ ಕೇಳಿ.