ಲೆಕ್ಕ ತಪ್ಪಿದ ಮರುದಿನವೂ ತೆರೆಯಬಹುದಾದ ಬಜೆಟ್ ಆ್ಯಪ್

ಬಜೆಟ್ ಆ್ಯಪ್ ಮಾಡಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಕೈಮೀರಿ ಖರ್ಚಾದ ಮರುದಿನ ಬೆಳಿಗ್ಗೆ ಬಳಕೆದಾರರು ಇದನ್ನು ತೆರೆಯುತ್ತಾರಾ? ಲೆಕ್ಕ ಸರಿಯಿದ್ದ ದಿನ ಎಲ್ಲ ಆ್ಯಪ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ತಪ್ಪಿದ ದಿನ ತೆರೆಯಲು ಕೈಯೇ ಬಾರದಿದ್ದರೆ ಒಳಗೆ ಎಷ್ಟು ಚಂದದ ಗ್ರಾಫ್ ಇದ್ದರೇನು?

ಕೆಟ್ಟ ಸುದ್ದಿ ಕಾದಿದೆ ಅನ್ನಿಸಿದರೆ ಜನ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಇದಕ್ಕೆ ‘ಆಸ್ಟ್ರಿಚ್ ಎಫೆಕ್ಟ್’ ಎಂಬ ಹೆಸರೇ ಇದೆ. ಕಾರ್ಲ್‌ಸನ್, ಲೋವೆನ್‌ಸ್ಟೈನ್ ಮತ್ತು ಸೆಪ್ಪಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಷೇರುಪೇಟೆ ಇಳಿದಾಗ ಹೂಡಿಕೆದಾರರು ತಮ್ಮ ಖಾತೆಯನ್ನು ನೋಡುವುದು ಕಡಿಮೆಯಾಗುತ್ತದೆ. ಕೈಯಲ್ಲಿ ಹಣವಿರುವವರೇ ಹೀಗೆಂದರೆ, ಕಂತು ತಪ್ಪಿದವರ ಪಾಡು ಊಹಿಸಿ. ನೋಡದೇ ಇದ್ದರೆ ದಂಡ ಬೀಳುತ್ತದೆ. ದಂಡ ಬಿದ್ದಿರಬಹುದು ಎಂಬ ಭಯಕ್ಕೆ ಮತ್ತೆ ನೋಡುವುದಿಲ್ಲ. ಆತಂಕ ಅಥವಾ ಖಿನ್ನತೆ ಇದ್ದವರಿಗೆ ಈ ಸುಳಿಯಿಂದ ಹೊರಬರುವುದು ಇನ್ನೂ ಕಷ್ಟ. ಹಾಗಾಗಿ ಮನಸ್ಸಿನ ಆರೋಗ್ಯ ಅನ್ನುವುದು ಇಂಥ ಆ್ಯಪ್‌ಗೆ ಕೊನೆಯಲ್ಲಿ ಅಂಟಿಸುವ ಧ್ಯಾನದ ಆಡಿಯೋ ಅಲ್ಲ. ಮೊದಲ ಪರದೆಯಲ್ಲಿ ಯಾವ ಅಂಕಿ ಕಾಣಬೇಕು ಎಂಬಲ್ಲಿಂದಲೇ ಅದರ ಕೆಲಸ ಶುರು.

ನನ್ನ ಪ್ರಕಾರ ಅಲ್ಲಿ ಒಂದೇ ಅಂಕಿ ಸಾಕು: ಮುಂದಿನ ಆದಾಯ ಬರುವವರೆಗೆ ದಿನಕ್ಕೆ ಎಷ್ಟು ಖರ್ಚು ಮಾಡಬಹುದು. ಖಾತೆಯಲ್ಲಿ 12,000 ಇದೆ ಅಂದುಕೊಳ್ಳಿ. ಆದಾಯ ಬರುವ ಮುನ್ನ ಕಟ್ಟಲೇಬೇಕಾದ ಬಿಲ್ಲು, ಕಂತು 5,400. ವರ್ಷಕ್ಕೊಮ್ಮೆ ಬರುವ ಖರ್ಚಿಗೆ ಎತ್ತಿಡಬೇಕಾದ ಪಾಲು 1,000. ತುರ್ತಿಗೆ 600. ಉಳಿದದ್ದು 5,000, ಇನ್ನು 20 ದಿನ ಇದ್ದರೆ ದಿನಕ್ಕೆ 250. ಒಂದು ದಿನ ತಡೆಯಲಾಗದೆ 900 ಖರ್ಚಾಯಿತು ಅನ್ನಿ. ಸಾಮಾನ್ಯ ಆ್ಯಪ್ ‘ಮಿತಿಗಿಂತ 650 ಹೆಚ್ಚು’ ಎಂದು ಕೆಂಪಕ್ಷರದಲ್ಲಿ ಕೂಗುತ್ತದೆ. ಆದರೆ ಉಳಿದ 4,100ನ್ನು 19 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 216 ಬರುತ್ತದೆ. 250 ಇದ್ದದ್ದು 216 ಆಯಿತು, ಅಷ್ಟೇ. ಎರಡೂ ಸುಳ್ಳಲ್ಲ. ಆದರೆ ಎರಡನೆಯದನ್ನು ಓದಿದವರಿಗೆ ನಾಳೆ ಏನು ಮಾಡಬೇಕು ಎಂಬುದು ಗೊತ್ತಾಗುತ್ತದೆ, ಮೊದಲನೆಯದನ್ನು ಓದಿದವರು ಫೋನ್ ಮಗುಚಿ ಇಡುತ್ತಾರೆ.

ಈ ಲೆಕ್ಕಕ್ಕೂ ಮಿತಿಯಿದೆ. ಕೊನೆಯ ಮೂರು ನಾಲ್ಕು ದಿನಗಳಲ್ಲಿ ಹಂಚಲು ಜಾಗವೇ ಇರುವುದಿಲ್ಲ, ಅಂಕಿ ಸೊನ್ನೆಗಿಂತ ಕೆಳಗೆ ಹೋಗಬಹುದು. ಆಗ ‘ದಿನಕ್ಕೆ ಮೈನಸ್ 40’ ಎಂದು ತೋರಿಸಬೇಡಿ. ಅದರಿಂದ ಯಾರಿಗೂ ಏನೂ ಮಾಡಲಾಗದು. ‘18ನೇ ತಾರೀಕಿನ ಕಂತಿಗೆ 700 ಕೊರತೆ ಬೀಳುತ್ತದೆ’ ಎಂದು ಬರೆಯಿರಿ. ಕೆಳಗೆ ಮೂರು ದಾರಿ ಇರಲಿ: ಬೇರೆ ಬಾಬತ್ತಿನಿಂದ ವರ್ಗಾಯಿಸುವುದು, ಕಟ್ಟುವ ದಿನಾಂಕ ಮುಂದೂಡಲು ಕೇಳುವುದು, ಭಾಗಶಃ ಕಟ್ಟುವುದು. ಈ ಎಚ್ಚರಿಕೆ ಐದಾರು ದಿನ ಮೊದಲೇ, ಹಗಲಿನಲ್ಲಿ ಬರಬೇಕು. ರಾತ್ರಿ ಹನ್ನೊಂದಕ್ಕೆ ಬಂದರೆ ನಿದ್ದೆ ಹಾಳಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಲಾಕ್ ಆದ ಪರದೆಯ ಮೇಲೆ ಮೊತ್ತವಾಗಲಿ ಅಂಗಡಿಯ ಹೆಸರಾಗಲಿ ಕಾಣದಿರಲಿ, ಪಕ್ಕದಲ್ಲಿ ಕೂತವರಿಗೆ ಅದು ಬೇಡದ ಸುದ್ದಿ.

ಅಂಕಿ ತಪ್ಪಾದರೆ ಮೇಲಿನದ್ದೆಲ್ಲ ನೀರುಪಾಲು. ಎಡವುವ ಜಾಗಗಳು ಹೆಚ್ಚೂಕಡಿಮೆ ಎಲ್ಲ ಕಡೆಯೂ ಇವೇ. ಕಾರ್ಡ್‌ನಲ್ಲಿ ಕೊಂಡದ್ದನ್ನು ಒಮ್ಮೆ, ಕಾರ್ಡ್ ಬಿಲ್ಲು ಕಟ್ಟಿದ್ದನ್ನು ಇನ್ನೊಮ್ಮೆ ಖರ್ಚೆಂದು ಎಣಿಸುವುದು. ಸ್ವಂತ ಖಾತೆಗಳ ನಡುವಿನ ವರ್ಗಾವಣೆಯನ್ನು ಖರ್ಚೆಂದು ತೋರಿಸುವುದು. ವಾಪಸು ಬಂದ ಹಣವನ್ನು ಆದಾಯಕ್ಕೆ ಸೇರಿಸುವುದು. ಹೋಟೆಲಿನವರು ತಡೆಹಿಡಿದ ಮುಂಗಡ ಮೊತ್ತ ಆಮೇಲೆ ಬದಲಾದಾಗ ಎರಡನ್ನೂ ಉಳಿಸಿಕೊಳ್ಳುವುದು. ವಾರ್ಷಿಕ ಖರ್ಚನ್ನು ಕಣ್ಣುಮುಚ್ಚಿ 12ರಿಂದ ಭಾಗಿಸುವುದೂ ತಪ್ಪೇ. 6,000ದ ವಿಮಾ ಕಂತಿಗೆ ನಾಲ್ಕೇ ತಿಂಗಳು ಉಳಿದಿದ್ದು, ಕೈಯಲ್ಲಿ ಏನೂ ಎತ್ತಿಟ್ಟಿಲ್ಲವಾದರೆ ತಿಂಗಳಿಗೆ ಬೇಕಾದದ್ದು 1,500, 500 ಅಲ್ಲ. ಆದಾಯ ಏರಿಳಿಯುವವರಿಗೆ ಸರಾಸರಿ ಹಿಡಿದು ಬಜೆಟ್ ಹಾಕಿದರೆ ಕಡಿಮೆ ಬಂದ ತಿಂಗಳೆಲ್ಲ ಕೊರತೆ. ಕಳೆದ ಆರು ತಿಂಗಳಲ್ಲಿ ಅತಿ ಕಡಿಮೆ ಬಂದದ್ದನ್ನು ಹಿಡಿಯುವುದು ಕ್ಷೇಮ. ಲೆಕ್ಕದ ತಿಂಗಳು 1ನೇ ತಾರೀಕಿಗೆ ಬದಲು ಆದಾಯ ಬರುವ ದಿನದಿಂದ ಶುರುವಾಗಲಿ. ಪ್ರೋಗ್ರಾಮರ್‌ಗಳಿಗೆ ಇನ್ನೊಂದು ಮಾತು: ಹಣವನ್ನು ಅತಿ ಚಿಕ್ಕ ನಾಣ್ಯದ ಪೂರ್ಣಾಂಕವಾಗಿ ಇಡಿ, ಫ್ಲೋಟ್ (ಭಿನ್ನರಾಶಿಯನ್ನು ಎರಡರ ಆಧಾರದಲ್ಲಿ ಅಂದಾಜಾಗಿ ಇಡುವ ಬಗೆ) ಆಗಿ ಬೇಡ. ಫ್ಲೋಟ್‌ನಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. ಆತಂಕದಲ್ಲಿರುವವರು ಅದೇ ಮೊತ್ತವನ್ನು ಮೂರು ಮೂರು ಸಲ ಕೂಡಿ ನೋಡುತ್ತಾರೆ. ಒಂದು ಪೈಸೆ ವ್ಯತ್ಯಾಸ ಕಂಡರೂ ನಂಬಿಕೆ ಹೋಗುತ್ತದೆ.

ಇನ್ನು ಸತತ ಎಷ್ಟು ದಿನ ಮಿತಿ ದಾಟಲಿಲ್ಲ ಎಂದು ಎಣಿಸುವ ಸರಪಳಿ, ಪದಕ, ಅಂಕ. ಇವನ್ನು ದಯವಿಟ್ಟು ತೆಗೆದುಹಾಕಿ. ಪಥ್ಯ ಮಾಡುವವರನ್ನು ಅಧ್ಯಯನ ಮಾಡಿದ ಮನಃಶಾಸ್ತ್ರಜ್ಞರಾದ ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ಒಂದು ಸಂಗತಿಯನ್ನು ವಿವರಿಸಿದ್ದಾರೆ: ಪಥ್ಯ ಮುರಿಯಿತು ಅನ್ನಿಸಿದ ಮೇಲೆ ಜನ ಇನ್ನಷ್ಟು ತಿನ್ನುತ್ತಾರೆ. ಮುಳುಗಿದವನಿಗೆ ಚಳಿಯೇನು ಮಳೆಯೇನು ಅನ್ನುವ ಸ್ಥಿತಿ ಅದು. 41 ದಿನದ ಸರಪಳಿ ಕಡಿದು ಸೊನ್ನೆಗೆ ಬಂದ ದಿನವೇ ದೊಡ್ಡ ಖರ್ಚು ಆಗುವ ಸಾಧ್ಯತೆ ಇರುತ್ತದೆ. ಮೂರು ವಾರ ಬಿಟ್ಟು ಮರಳಿ ಬಂದವರ ಮುಂದೆ ‘86 ವ್ಯವಹಾರ ವಿಂಗಡಿಸಬೇಕಿದೆ’ ಎಂದು ರಾಶಿ ಸುರಿಯುವುದೂ ಅದೇ ಕೆಲಸ ಮಾಡುತ್ತದೆ. ಹಳೆಯದನ್ನು ಬದಿಗಿಟ್ಟು ಇವತ್ತಿನ ಬಾಕಿಯಿಂದ ಶುರು ಮಾಡುವ ಗುಂಡಿ ಎಲ್ಲಕ್ಕಿಂತ ದೊಡ್ಡದಾಗಿರಲಿ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಂಪು ಹಸಿರನ್ನೇ ನಂಬಿದರೆ ಬಣ್ಣಗುರುಡು ಇರುವವರಿಗೆ ಅರ್ಥವಾಗದು, ಉಳಿದವರಿಗೆ ಬೈದಂತಾಗುತ್ತದೆ. ಮಾತಿನಲ್ಲೇ ಹೇಳಿ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ಅಂತರ (ಕಾಂಟ್ರಾಸ್ಟ್) ಇರಲಿ.

ಅರಿತು ಖರ್ಚು ಮಾಡುವುದಕ್ಕೆ ನಿಜವಾಗಿ ನೆರವಾಗುವುದು ಸ್ವಲ್ಪ ತಡೆ. ಪ್ರೆಲೆಕ್ ಮತ್ತು ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಹರಾಜಿನ ಪ್ರಯೋಗದಲ್ಲಿ, ಅದೇ ಟಿಕೆಟ್‌ಗೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಬೇಕಾದವರು ನಗದು ಕೊಡಬೇಕಾದವರಿಗಿಂತ ಬಹಳ ಹೆಚ್ಚು ಕೂಗಿದರು. ಕೊಡುವ ನೋವು ಕಡಿಮೆಯಾದಷ್ಟೂ ಕೈ ಸಡಿಲ. ಆದರೆ ತಡೆಯನ್ನು ಆ್ಯಪ್ ಹೇರಬಾರದು, ಬಳಕೆದಾರರೇ ಮನಸ್ಸು ಶಾಂತವಾಗಿದ್ದಾಗ ಹಾಕಿಕೊಳ್ಳಬೇಕು. ‘ಇಷ್ಟಕ್ಕಿಂತ ದೊಡ್ಡದನ್ನು ಕೊಳ್ಳುವ ಮುಂಚೆ ಪಟ್ಟಿಗೆ ಹಾಕಿ 24 ಗಂಟೆ ಕಾಯುತ್ತೇನೆ’ ಎಂಬುದು ಒಳ್ಳೆಯ ಆರಂಭ. ಹಾಕುವುದು ತಕ್ಷಣ ಆಗಬೇಕು, ತೆಗೆಯುವುದು ನಿಧಾನವಾಗಬೇಕು. ಬ್ರಿಟನ್ನಿನ ಮಾಂಜೊ ಬ್ಯಾಂಕು 2018ರಲ್ಲಿ ತಂದ ಜೂಜಿನ ತಡೆ ಹೀಗೆಯೇ ಇತ್ತು: ತಡೆ ತೆಗೆಯಬೇಕೆಂದರೆ 48 ಗಂಟೆ ಕಾಯಬೇಕಿತ್ತು. ಕಾರ್ಡ್ ಪಾವತಿಗಳಲ್ಲಿ ಜೂಜಿಗೆ 7995 ಎಂಬ ಪ್ರತ್ಯೇಕ ಸಂಕೇತ ಇರುವುದರಿಂದ ಬ್ಯಾಂಕಿಗೆ ಇದು ಸಾಧ್ಯ. ಖಾತೆಯ ವಿವರವನ್ನು ಓದಲು ಮಾತ್ರ ಅನುಮತಿ ಇರುವ ಬಜೆಟ್ ಆ್ಯಪ್‌ಗೆ ಪಾವತಿ ನಿಲ್ಲಿಸುವ ಶಕ್ತಿ ಇಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ, ರಕ್ಷಣೆ ಇದೆ ಎಂಬ ಭ್ರಮೆ ಅಪಾಯಕಾರಿ.

ಬೈಪೋಲಾರ್ (ಮನಸ್ಸು ಉನ್ಮಾದ, ಖಿನ್ನತೆಗಳ ನಡುವೆ ತೂಗುವ ಕಾಯಿಲೆ) ಇರುವವರಲ್ಲಿ ಉನ್ಮಾದದ ಹಂತದಲ್ಲಿ ಮಿತಿಯಿಲ್ಲದೆ ಕೊಳ್ಳುವುದು ವೈದ್ಯರು ಗುರುತಿಸುವ ಲಕ್ಷಣಗಳಲ್ಲಿ ಒಂದು. ಅವರಿಗೆ, ಆರೋಗ್ಯ ಸರಿಯಿದ್ದಾಗ ಒಬ್ಬ ಆಪ್ತರನ್ನು ಹೆಸರಿಸಿ ಇಡುವ ಅವಕಾಶ ಬಹಳ ಉಪಯೋಗಕ್ಕೆ ಬರುತ್ತದೆ. ಆಪ್ತರಿಗೆ ‘ಮಿತಿ ದಾಟಿದೆ, ಒಮ್ಮೆ ಮಾತಾಡಿ’ ಎಂಬಷ್ಟೇ ಹೋಗಲಿ. ಎಲ್ಲಿ ಕೊಂಡರು, ಏನು ಕೊಂಡರು ಬೇಡ. ಯಾಕೆಂದರೆ ಇದೇ ಸೌಲಭ್ಯ ಮನೆಯೊಳಗಿನ ದಬ್ಬಾಳಿಕೆಗೆ ಅಸ್ತ್ರವಾಗಬಲ್ಲದು. 90 ದಿನಕ್ಕೊಮ್ಮೆ ಅನುಮತಿ ತಾನಾಗಿ ಮುಗಿಯಲಿ, ಬೇಕಿದ್ದರೆ ಮತ್ತೆ ಕೊಡಲಿ.

ಮನಸ್ಥಿತಿಯನ್ನು ದಾಖಲಿಸುವ ಸೌಲಭ್ಯ ಐಚ್ಛಿಕವಾಗಿರಲಿ. ಎರಡು ಮೂರು ದಿನ ಕಳೆದ ಮೇಲೆ ‘ಇದನ್ನು ಮತ್ತೆ ಕೊಳ್ಳುತ್ತೀರಾ?’ ಎಂದು ಕೇಳಿದರೆ ಸಿಗುವ ಉತ್ತರ, ಕೊಂಡ ಕ್ಷಣದ ಉತ್ತರಕ್ಕಿಂತ ಹೆಚ್ಚು ನಿಜ. ದಿನಕ್ಕೆ ಒಂದೇ ಪ್ರಶ್ನೆ. ಬಾಡಿಗೆ, ಔಷಧಿಯ ಬಗ್ಗೆ ಎಂದಿಗೂ ಕೇಳಬೇಡಿ. ‘ಬೇಸರವಾದಾಗ ಹೆಚ್ಚು ಖರ್ಚು ಮಾಡುತ್ತೀರಿ’ ಎಂದು ನಾಲ್ಕು ದಾಖಲೆ ಹಿಡಿದು ತೀರ್ಪು ಕೊಡುವುದು ಅನ್ಯಾಯ, ಖರ್ಚಾದ ಮೇಲೇ ಬೇಸರ ಬಂದಿರಬಹುದು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ನಂಥ ಪ್ರಶ್ನಾವಳಿ ಸೇರಿಸುವ ಉತ್ಸಾಹ ಕೆಲವರಿಗಿದೆ. ಅದರ ಒಂಬತ್ತನೇ ಪ್ರಶ್ನೆ ಸಾವು ಮತ್ತು ಸ್ವಯಂಹಾನಿಯ ಯೋಚನೆಗಳ ಬಗ್ಗೆ. ಅಂಥ ಯೋಚನೆ ಬಂದಿದೆ ಅಂದವರಿಗೆ ಆ ಕ್ಷಣವೇ ಮನುಷ್ಯರ ನೆರವು ಸಿಗುವ ವ್ಯವಸ್ಥೆ ಇಲ್ಲದಿದ್ದರೆ ಆ ಪ್ರಶ್ನೆ ಕೇಳುವ ಹಕ್ಕು ನಿಮಗಿಲ್ಲ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಕೆಲವರ ಕೊರತೆಗೆ ಅರಿವಿಲ್ಲದ ಖರ್ಚು ಕಾರಣವೇ ಅಲ್ಲ, ಆದಾಯವೇ ಸಾಲದು. ಬಾಡಿಗೆ, ಆಹಾರ, ಔಷಧಿ, ಕಂತು ಸೇರಿದರೆ ಆದಾಯವನ್ನು ಮೀರುತ್ತದೆ ಎಂದು ಲೆಕ್ಕವೇ ತೋರಿಸುತ್ತಿರುವಾಗ ಕಾಫಿ ಬಿಡಿ ಎಂಬ ಸಲಹೆ ಅವಮಾನ. ಅಲ್ಲಿ ಆ್ಯಪ್ ಸಲಹೆ ನಿಲ್ಲಿಸಲಿ. ಯಾವ ಬಾಕಿ ತಪ್ಪಿದರೆ ಸೂರು ಅಥವಾ ವಿದ್ಯುತ್ ಹೋಗುತ್ತದೋ ಅದನ್ನು ಮೇಲಿಟ್ಟು ಪಟ್ಟಿ ಮಾಡಲಿ, ಸಾಲ ಕೊಟ್ಟವರಿಗೆ ಬರೆಯುವ ಪತ್ರದ ಕರಡು ಕೊಡಲಿ, ಉಚಿತ ಸಾಲ ಸಮಾಲೋಚನೆಯ ಕಡೆ ದಾರಿ ತೋರಿಸಲಿ.

ದುಡ್ಡಿನ ವಿವರ, ಮನಸ್ಸಿನ ವಿವರ ಒಂದೇ ಕಡೆ ಕೂಡಿದರೆ ಅದು ಯಾರದೇ ಆದರೂ ಅತಿ ಸೂಕ್ಷ್ಮ ಮಾಹಿತಿ. ಆನ್‌ಲೈನ್ ಆಪ್ತಸಮಾಲೋಚನೆಯ ಬೆಟರ್‌ಹೆಲ್ಪ್ ಕಂಪನಿ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡಿದೆ ಎಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಕ್ರಮ ಕೈಗೊಂಡು 78 ಲಕ್ಷ ಡಾಲರ್ ಕಟ್ಟಿಸಿತು. ಮನಸ್ಥಿತಿಯ ಟಿಪ್ಪಣಿಗಳು ಫೋನಿನಲ್ಲೇ ಉಳಿಯಲಿ, ಜಾಹೀರಾತು ಕಂಪನಿಗಳ ಕೋಡ್ ಆ್ಯಪ್‌ನೊಳಗೆ ಬರುವುದೇ ಬೇಡ. ಸಾಲದ ಜಾಹೀರಾತಂತೂ ಎಂದಿಗೂ ಕೂಡದು. ಕೊರತೆ ಬಿದ್ದ ದಿನ ಸಾಲ ಮಾರಿ ಕಮಿಷನ್ ಪಡೆಯುವ ಆ್ಯಪ್‌ಗೆ ಬಳಕೆದಾರರ ಕೊರತೆಯೇ ವರಮಾನ. ಚಂದಾ ತೆಗೆದುಕೊಳ್ಳಿ, ತಪ್ಪಿಲ್ಲ. ನವೀಕರಣಕ್ಕೆ ಏಳು ದಿನ ಮೊದಲು ತಿಳಿಸಿ, ಬಿಲ್ಲಿಗೆ ಹಣ ಸಾಲದ ತಿಂಗಳು ಚಂದಾ ತಾನಾಗಿ ತಡೆದು ನಿಲ್ಲಲಿ, ರದ್ದು ಮಾಡುವ ಗುಂಡಿ ಸೇರುವ ಗುಂಡಿಯಷ್ಟೇ ಸುಲಭವಾಗಿ ಸಿಗಲಿ. ಹೋಗುವವರಿಗೆ ಅವರ ಲೆಕ್ಕವೆಲ್ಲ ಒಂದು ಫೈಲಾಗಿ ಕೈಗೆ ಬರಲಿ.